ಮಕ್ಕಳು, ಹಿರಿಯರ ಜೊತೆ ಬೆಟ್ಟದ ಜಲಪಾತಕ್ಕೆ: ಅರ್ಧ ದಿನದ ಚಾರಣಕ್ಕೆ ತಯಾರಾಗುವುದು ಹೇಗೆ?

ಮೊದಲ ಸಲ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಜಲಪಾತ ನೋಡಲು ಹೊರಟಾಗ ನಾನು ನೋಡಿದ್ದು ಒಂದೇ ಅಂಕಿ: ಮೂರು ಕಿಲೋಮೀಟರ್. ಮೂರೇ ತಾನೆ, ಒಂದು ಗಂಟೆ ಸಾಕು ಅಂದುಕೊಂಡೆ. ತಲುಪಲು ಎರಡೂವರೆ ಗಂಟೆ ಹಿಡಿಯಿತು. ಐದು ವರ್ಷದ ಮಗಳು ಕಂಡ ಕಂಡ ಕಂಬಳಿಹುಳದ ಮುಂದೆಲ್ಲ ಕುಕ್ಕರುಗಾಲಲ್ಲಿ ಕೂತಳು. ಅಮ್ಮ ಏರನ್ನು ಸಲೀಸಾಗಿ ಹತ್ತಿದರು, ಇಳಿಯುವಾಗ ಮಂಡಿ ಹಿಡಿದುಕೊಂಡಿತು. ಕೊನೆಯ ಒಂದು ಕಿಲೋಮೀಟರ್ ಕತ್ತಲಲ್ಲಿ ನಡೆದೆವು. ಕೈಯಲ್ಲಿ ಮೊಬೈಲಿನ ಬೆಳಕು, ಹೆಗಲ ಮೇಲೆ ನಿದ್ದೆ ಹೋದ ಮಗಳು. ಯಾರಿಗೂ ಏನೂ ಆಗಲಿಲ್ಲ, ನಮ್ಮ ಪುಣ್ಯ.

ಆಮೇಲೆ ಇಂಥ ನಡಿಗೆ ಬಹಳ ಸಲ ಮಾಡಿದ್ದೇವೆ. ಈಗ ನಾನು ಲೆಕ್ಕವನ್ನು ಉಲ್ಟಾ ಹಾಕುತ್ತೇನೆ. ಹೊರಡುವ ಹೊತ್ತಿನಿಂದ ಶುರು ಮಾಡುವುದಿಲ್ಲ, ಕತ್ತಲಾಗುವ ಹೊತ್ತಿನಿಂದ ಹಿಂದಕ್ಕೆ ಬರುತ್ತೇನೆ. ನನ್ನ ಕಾಲಿನ ಲೆಕ್ಕ ಹಿಡಿಯುವುದಿಲ್ಲ, ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ಯಾರೋ ಅವರ ಕಾಲಿನ ಲೆಕ್ಕ ಹಿಡಿಯುತ್ತೇನೆ. ಮುಂದಿನದೆಲ್ಲ ಆ ಎರಡು ಅಭ್ಯಾಸದಿಂದಲೇ ಬಂದದ್ದು.

ಹಂತ 1: ಜಲಪಾತ ಆರಿಸುವುದು

ಫೋಟೋ ನೋಡಿ ಆರಿಸಬೇಡಿ. ಫೋಟೋದಲ್ಲಿ ನೀರು ಕಾಣುತ್ತದೆ, ದಾರಿ ಕಾಣುವುದಿಲ್ಲ. ಅಜ್ಜಿ, ಮೊಮ್ಮಕ್ಕಳು ಎಲ್ಲ ಇರುವ ಗುಂಪಿಗೆ ದಾರಿಯೇ ಮುಖ್ಯ.

ಮೊದಲು ದೂರ. ಕೆಲವರು ಹೋಗುವ ದೂರ ಮಾತ್ರ ಹೇಳುತ್ತಾರೆ, ಕೆಲವರು ಹೋಗಿಬರುವ ದೂರ ಹೇಳುತ್ತಾರೆ. ಯಾವುದು ಅಂತ ಕೇಳಿ ಖಚಿತ ಮಾಡಿಕೊಳ್ಳಿ. ಐದಾರು ವರ್ಷದ ಮಕ್ಕಳಿದ್ದರೆ ಹೋಗಿಬರಲು ಒಟ್ಟು 3ರಿಂದ 5 ಕಿ.ಮೀ. ಇದ್ದರೆ ಚೆನ್ನ. ಅದಕ್ಕಿಂತ ಜಾಸ್ತಿ ನಡೆಯುವ ಮಕ್ಕಳು ಇದ್ದಾರೆ, ನಿಜ. ಆದರೆ ಮೊದಲ ಸಲವೇ ಪರೀಕ್ಷೆ ಮಾಡುವುದು ಬೇಡ.

ಆಮೇಲೆ ಏರು. ಎರಡು ಕಿಲೋಮೀಟರ್ ಸಮತಟ್ಟಾದ ದಾರಿಗೂ ಎರಡು ಕಿಲೋಮೀಟರಿನಲ್ಲಿ 300 ಮೀಟರ್ ಎತ್ತರ ಹತ್ತುವ ದಾರಿಗೂ ಹೋಲಿಕೆಯೇ ಇಲ್ಲ. ಎತ್ತರದ ಗೆರೆಗಳಿರುವ ನಕ್ಷೆ ಸಿಕ್ಕಿದರೆ ನೋಡಿ. ಗೆರೆಗಳು ಒತ್ತೊತ್ತಾಗಿ ಇದ್ದಲ್ಲಿ ಕಡಿದಾದ ಏರು, ದೂರ ದೂರ ಇದ್ದಲ್ಲಿ ಸಲೀಸು. ಒಟ್ಟು ಏರು 200 ಮೀಟರಿನ ಒಳಗಿದ್ದರೆ ಹೆಚ್ಚಿನ ಮನೆಮಂದಿಗೆ ಆರಾಮ.

ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಗಾಡಿ ನಿಲ್ಲಿಸುವ ಜಾಗಕ್ಕಿಂತ ಜಲಪಾತ ಮೇಲಿದೆಯೋ, ಕೆಳಗಿದೆಯೋ? ಮೇಲಿದ್ದರೆ ಸುಸ್ತಾದಾಗ ಇಳಿಜಾರು ಸಿಗುತ್ತದೆ. ಕಣಿವೆಯ ತಳದಲ್ಲಿದ್ದರೆ ಹೋಗುವಾಗ ಎಲ್ಲರೂ ಹಾಡುತ್ತಾ ಇಳಿಯುತ್ತಾರೆ. ಆಟವಾಡಿ, ಹೊಟ್ಟೆ ತುಂಬಿ, ಕಾಲು ಸೋತ ಮೇಲೆ ಹತ್ತುವ ಕೆಲಸ ಶುರುವಾಗುತ್ತದೆ. ಕೆಳಗಿರುವ ಜಲಪಾತಕ್ಕೆ ಹೋಗಲೇಬಾರದು ಅಂತಲ್ಲ. ಹೋಗುವುದಾದರೆ ದೂರ ಇನ್ನೂ ಕಡಿಮೆ ಇರಲಿ.

ಕೊನೆಯ 200 ಮೀಟರ್ ಹೇಗಿದೆ ಅನ್ನುವುದನ್ನೂ ವಿಚಾರಿಸಿ. ಎರಡು ಕಿಲೋಮೀಟರ್ ಅಂದವಾದ ಕಾಲುದಾರಿ, ಕೊನೆಗೆ ಮಾತ್ರ ಆಳೆತ್ತರದ ಒದ್ದೆ ಬಂಡೆಗಳ ಮೇಲೆ ಹತ್ತಿಳಿಯುವ ಸರ್ಕಸ್. ಇಂಥ ಜಾಗ ಬೇಕಾದಷ್ಟಿವೆ. ದೂರದಿಂದಲೇ ನೀರು ಪೂರ್ತಿ ಕಾಣುವ, ಬೇಲಿ ಅಥವಾ ಕಟ್ಟೆ ಇರುವ ಜಾಗವಿದ್ದರೆ ಅಂಥದ್ದನ್ನೇ ಆರಿಸಿ. ಇತ್ತೀಚೆಗೆ ಹೋಗಿಬಂದವರನ್ನು ಕೇಳುವಾಗ 'ದಾರಿ ಸುಲಭ ಇದೆಯಾ' ಅಂತ ಕೇಳಬೇಡಿ. ಗಟ್ಟಿಮುಟ್ಟಾದವರಿಗೆ ಎಲ್ಲವೂ ಸುಲಭವೇ. 'ಆರು ವರ್ಷದ ಮಗುವನ್ನು ಎತ್ತಿಕೊಳ್ಳದೆ ನಡೆಸಬಹುದಾ' ಅಂತ ಕೇಳಿ. ಉತ್ತರ ಪೂರಾ ಬದಲಾಗುತ್ತದೆ.

ಪ್ರವೇಶಕ್ಕೆ ಅನುಮತಿ ಬೇಕಾ, ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಆ ತಿಂಗಳು ದಾರಿ ತೆರೆದಿದೆಯಾ ಎಂದು ಮೊದಲೇ ತಿಳಿದುಕೊಳ್ಳಿ. ಮಕ್ಕಳನ್ನು ಮೂರು ಗಂಟೆ ಗಾಡಿಯಲ್ಲಿ ಕೂರಿಸಿ, ಮುಚ್ಚಿದ ಗೇಟಿನ ಮುಂದೆ ಇಳಿಸುವ ಪೇಚಾಟ ಯಾಕೆ?

ಹಂತ 2: ಯಾವಾಗ ಹೋಗಬೇಕು

ಜಲಪಾತ ವರ್ಷವಿಡೀ ಒಂದೇ ಥರ ಇರುವುದಿಲ್ಲ. ನೀರು ಎಲ್ಲಿಂದ ಬರುತ್ತದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಅಮೆರಿಕದ ಯೊಸೆಮಿಟಿ ಜಲಪಾತ 739 ಮೀಟರ್ ಎತ್ತರದ್ದು. ಅದಕ್ಕೆ ನೀರು ಮುಖ್ಯವಾಗಿ ಹಿಮ ಕರಗಿ ಬರುತ್ತದೆ. ಮೇ ತಿಂಗಳಲ್ಲಿ ಅಬ್ಬರಿಸುವ ಅದೇ ಜಲಪಾತ ಎಷ್ಟೋ ವರ್ಷ ಆಗಸ್ಟ್ ಹೊತ್ತಿಗೆ ಒಣಗಿದ ಬಂಡೆಯಾಗಿರುತ್ತದೆ. ಹಳೇ ಫೋಟೋ ನಂಬಿ ಹೋದವರಿಗೆ ಕಾಣುವುದು ಬರೀ ಕಲ್ಲಿನ ಗೋಡೆ.

ಮಳೆ ನೀರಿನ ಜಲಪಾತವಾದರೆ ಮಳೆ ಜೋರಾಗಿರುವ ದಿನಗಳು ಕಣ್ಣಿಗೆ ಹಬ್ಬ, ಕಾಲಿಗೆ ಅಪಾಯ. ನನ್ನ ಮಟ್ಟಿಗೆ, ಮಳೆಗಾಲ ಮುಗಿದ ಮೇಲಿನ ಕೆಲವು ವಾರ ಎಲ್ಲಕ್ಕಿಂತ ಒಳ್ಳೆಯದು. ನೀರು ಇನ್ನೂ ಚೆನ್ನಾಗಿರುತ್ತದೆ, ದಾರಿ ಒಣಗಿರುತ್ತದೆ. ಹಿಮ ಕರಗಿ ಬರುವ ಹಳ್ಳಗಳದ್ದು ಇನ್ನೊಂದು ಕತೆ. ಅಲ್ಲಿ ಬಿಸಿಲೇರಿದಂತೆ ಹಿಮ ಕರಗಿ ನೀರು ಏರುತ್ತದೆ. ಬೆಳಿಗ್ಗೆ ಕಣಕಾಲಿನವರೆಗೆ ಇದ್ದ ಹಳ್ಳ ಮಧ್ಯಾಹ್ನ, ಸಂಜೆಯ ಹೊತ್ತಿಗೆ ಮಂಡಿ ದಾಟಿರಬಹುದು. ದಾಟಿ ಹೋದದ್ದನ್ನು ವಾಪಸು ದಾಟಲೇಬೇಕಲ್ವಾ!

ಹವಾಮಾನ ನೋಡುವಾಗ ಜಲಪಾತದ ಜಾಗದ್ದು ಮಾತ್ರ ನೋಡಿದರೆ ಸಾಲದು. ಆ ಹೊಳೆ ಹುಟ್ಟಿ ಬರುವ ಮೇಲಿನ ಬೆಟ್ಟಗಳಲ್ಲಿ ಮಳೆ ಇದೆಯಾ ನೋಡಿ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲೆ ಸುರಿದ ಮಳೆ ಸ್ವಲ್ಪ ಹೊತ್ತಿನಲ್ಲಿ ನಿಮ್ಮ ಕಾಲಬುಡಕ್ಕೆ ಬರುತ್ತದೆ. ಮೇಲೆ ಅಣೆಕಟ್ಟು ಇದ್ದರೆ, ನೀರು ಬಿಡುವ ಸೂಚನೆ ಹೇಗೆ ಕೊಡುತ್ತಾರೆ ಎಂದು ವಿಚಾರಿಸಿಕೊಳ್ಳಿ. ಹಿಂದಿನ ರಾತ್ರಿ ಜೋರು ಮಳೆಯಾಗಿದ್ದರೆ ನಾನು ಸುಮ್ನೆ ಕಾರ್ಯಕ್ರಮ ಮುಂದಕ್ಕೆ ಹಾಕುತ್ತೇನೆ. ಮಕ್ಕಳು ಒಂದು ದಿನ ಮುಖ ಊದಿಸಿಕೊಳ್ಳುತ್ತಾರೆ. ಪರವಾಗಿಲ್ಲ.

ಹಂತ 3: ಹೊತ್ತಿನ ಲೆಕ್ಕ

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲೇ ಒಂದು ಸರಳ ಸೂತ್ರ ಕೊಟ್ಟ. ಮೂರು ಮೈಲಿ ನಡಿಗೆಗೆ ಒಂದು ಗಂಟೆ, ಎರಡು ಸಾವಿರ ಅಡಿ ಏರಿಗೆ ಇನ್ನೊಂದು ಗಂಟೆ. ನಮ್ಮ ಲೆಕ್ಕದಲ್ಲಿ, ಸುಮಾರು 5 ಕಿ.ಮೀ.ಗೆ ಒಂದು ಗಂಟೆ, ಜೊತೆಗೆ ಪ್ರತಿ 100 ಮೀಟರ್ ಏರಿಗೆ 10 ನಿಮಿಷ. ಇದು ಗಟ್ಟಿ ಆಳುಗಳು ಎಲ್ಲೂ ನಿಲ್ಲದೆ ನಡೆಯುವ ವೇಗ. ಚಿಕ್ಕ ಮಕ್ಕಳಿದ್ದರೆ ಬಂದ ಉತ್ತರವನ್ನು ಎರಡರಿಂದ ಗುಣಿಸಿ. ನನ್ನ ಅನುಭವದಲ್ಲಿ ಇದು ಹೆಚ್ಚು ಕಡಿಮೆ ಸರಿಹೋಗುತ್ತದೆ.

ಒಂದು ಉದಾಹರಣೆ ನೋಡೋಣ. ಜಲಪಾತ 2.5 ಕಿ.ಮೀ. ದೂರ, 200 ಮೀಟರ್ ಮೇಲೆ. ದೂರಕ್ಕೆ 30 ನಿಮಿಷ, ಏರಿಗೆ 20 ನಿಮಿಷ, ಒಟ್ಟು 50. ಎರಡರಿಂದ ಗುಣಿಸಿದರೆ 1 ಗಂಟೆ 40 ನಿಮಿಷ. ಇಳಿಯಲು ಸೂತ್ರದ ಪ್ರಕಾರ 30 ನಿಮಿಷ, ಗುಣಿಸಿದರೆ ಒಂದು ಗಂಟೆ. ಮಂಡಿ ನೋವಿನ ಹಿರಿಯರಿದ್ದರೆ ಇಳಿಯುವುದಕ್ಕೂ ಹತ್ತುವಷ್ಟೇ ಹೊತ್ತು ಇಟ್ಟುಕೊಳ್ಳಿ.

ಈಗ ಹಿಂದಿನಿಂದ ಬನ್ನಿ. ಸೂರ್ಯ ಆರು ಗಂಟೆಗೆ ಮುಳುಗುತ್ತಾನೆ ಅಂದುಕೊಳ್ಳಿ. ಕಣಿವೆಯಲ್ಲಿ, ಮರಗಳ ಕೆಳಗೆ ಕತ್ತಲು ಇನ್ನೂ ಬೇಗ ಬರುತ್ತದೆ. ಎರಡು ಗಂಟೆ ಕೈಯಲ್ಲಿ ಉಳಿಸಿಕೊಂಡರೆ ನಾಲ್ಕಕ್ಕೆ ಗಾಡಿ ಹತ್ತಿರ ಇರಬೇಕು. ಇಳಿಯಲು 1 ಗಂಟೆ 40 ನಿಮಿಷ ಕಳೆದರೆ 2:20ಕ್ಕೆ ಜಲಪಾತ ಬಿಡಬೇಕು. ಅಲ್ಲಿ ಒಂದೂವರೆ ಗಂಟೆ ಕಳೆಯುವುದಾದರೆ 12:50ಕ್ಕೆ ತಲುಪಿರಬೇಕು. ಅಂದರೆ ತೀರಾ ತಡ ಅಂದರೆ 11:10ಕ್ಕೆ ನಡಿಗೆ ಶುರುವಾಗಬೇಕು. ನಾವು ಎಂಟಕ್ಕೇ ಶುರು ಮಾಡುತ್ತೇವೆ. ಬೆಳಗಿನ ಹೊತ್ತು ತಂಪು, ಜನ ಕಡಿಮೆ, ಮಕ್ಕಳ ಮೂಡೂ ಚೆನ್ನಾಗಿರುತ್ತದೆ. ಬೆಟ್ಟಗಳಲ್ಲಿ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಕಟ್ಟುತ್ತದೆ ಅನ್ನುವುದೂ ಒಂದು ಕಾರಣ.

ಈ ಲೆಕ್ಕದಲ್ಲಿ ಸಿಕ್ಕ ಒಂದು ಹೊತ್ತನ್ನು ಕಾಗದದ ಮೇಲೆ ಬರೆದು ಎಲ್ಲರಿಗೂ ಹೇಳಿ: ತಿರುಗುವ ಹೊತ್ತು. ಮೇಲಿನ ಉದಾಹರಣೆಯಲ್ಲಿ 2:20. ಜಲಪಾತ ಇನ್ನು ಹತ್ತೇ ನಿಮಿಷ ದೂರ ಇದ್ದರೂ, ಸದ್ದು ಕೇಳುತ್ತಿದ್ದರೂ, ಆ ಹೊತ್ತಿಗೆ ತಿರುಗಬೇಕು. ಹೊರಡುವ ಮೊದಲೇ ತೀರ್ಮಾನ ಮಾಡಿಟ್ಟರೆ ಅಲ್ಲಿ ನಿಂತು ಜಗಳ ಆಡುವ ಕೆಲಸ ಇರುವುದಿಲ್ಲ.

ಹಂತ 4: ಯಾರು ಬರುತ್ತಾರೆ

ಎರಡು ವಾರ ಮೊದಲು ಮನೆ ಹತ್ತಿರವೇ ಎಲ್ಲರೂ ಒಟ್ಟಿಗೆ ಎರಡು ಕಿಲೋಮೀಟರ್ ನಡೆದು ನೋಡಿ. ಮೆಟ್ಟಿಲೋ ಸಣ್ಣ ದಿಬ್ಬವೋ ಇದ್ದರೆ ಇನ್ನೂ ಒಳ್ಳೆಯದು. ಯಾರ ಚಪ್ಪಲಿ ಕಚ್ಚುತ್ತದೆ, ಯಾರಿಗೆ ಬೇಗ ಉಸಿರು ಕಟ್ಟುತ್ತದೆ, ಯಾವ ಮಗು 'ಎತ್ಕೋ' ಅನ್ನುತ್ತದೆ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಹೃದಯದ ತೊಂದರೆ ಅಥವಾ ಉಬ್ಬಸ ಇರುವವರು ವೈದ್ಯರನ್ನು ಒಂದು ಮಾತು ಕೇಳಲಿ.

ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಹೋಗುವುದಾದರೆ ಒಂದು ವಿಷಯ ನೆನಪಿಡಿ. ನೀವು ನಡೆದು ಬೆವರುತ್ತೀರಿ, ಕೂಸು ಅಲುಗಾಡದೆ ಕೂತಿರುತ್ತದೆ. ನಿಮಗೆ ಸೆಖೆ ಅನ್ನಿಸಿದರೂ ಅದಕ್ಕೆ ಚಳಿ ಆಗುತ್ತಿರಬಹುದು. ಆಗಾಗ ಕತ್ತಿನ ಹಿಂದೆ ಕೈಯಿಟ್ಟು ನೋಡಿ. ಮಗು ಬೆನ್ನ ಮೇಲಿದ್ದಾಗ ಜಾರುವ ಬಂಡೆ, ಹರಿಯುವ ಹಳ್ಳ ಎರಡೂ ಬೇಡ.

ಹಿರಿಯರಿಗೆ ಊರಿಕೊಂಡು ನಡೆಯಲು ಕೋಲು ಕೊಡಿ. ಎರಡಿದ್ದರೆ ಇಳಿಜಾರಿನಲ್ಲಿ ಮಂಡಿಗೆ ಬೀಳುವ ಭಾರ ಎಷ್ಟೋ ಕಡಿಮೆಯಾಗುತ್ತದೆ. ಮೊದಮೊದಲು 'ನನಗ್ಯಾಕೆ ಕೋಲು, ನಾನೇನು ಮುದುಕಿಯಾ' ಅಂದಿದ್ದ ನಮ್ಮಮ್ಮ ಈಗ ಕೋಲಿಲ್ಲದೆ ಹೊಸ್ತಿಲು ದಾಟುವುದಿಲ್ಲ.

ಅರ್ಧ ದಾರಿಯಲ್ಲಿ ಯಾರಿಗಾದರೂ ಸಾಕು ಅನ್ನಿಸಿದರೆ ಏನು ಮಾಡುವುದು ಎಂದೂ ಮಾತಾಡಿಕೊಳ್ಳಿ. ಅವರನ್ನು ಒಬ್ಬರೇ ಕೂರಿಸಿ ಹೋಗಬಾರದು. ಜೊತೆಗೆ ಒಬ್ಬ ದೊಡ್ಡವರು ಉಳಿಯಬೇಕು. ಹಾಗಾಗಿ ಗುಂಪಿನಲ್ಲಿ ಕನಿಷ್ಠ ಇಬ್ಬರು, ಆದರೆ ಮೂವರು, ಜವಾಬ್ದಾರಿ ಹೊರಬಲ್ಲ ದೊಡ್ಡವರಿರಲಿ.

ಹಂತ 5: ಕಾಲಿಗೆ, ಮೈಗೆ, ಬ್ಯಾಗಿಗೆ

ಹೊಸ ಶೂ ಹಾಕಿಕೊಂಡು ಬರಬೇಡಿ. ಇದೊಂದು ಮಾತಿಗೆ ನಾನು ದುಡ್ಡೂ ಕೊಟ್ಟಿದ್ದೇನೆ, ಗುಳ್ಳೆಗಳನ್ನೂ ತಿಂದಿದ್ದೇನೆ. ಎರಡು ವಾರವಾದರೂ ಮನೆ ಸುತ್ತಮುತ್ತ ಹಾಕಿ ಪಳಗಿದ ಶೂ ಬೇಕು. ತಳ ಸವೆದಿರಬಾರದು, ಹಳ್ಳ ತಿಟ್ಟು ಇರಬೇಕು. ಚಪ್ಪಲಿ ಬೇಡ. ಒಣ ಸಾಕ್ಸ್ ಒಂದು ಜೊತೆ ಜಾಸ್ತಿ ಇಟ್ಟುಕೊಳ್ಳಿ, ಮಕ್ಕಳಿಗೆ ಎರಡು ಜೊತೆ. ಕಾಲಿನಲ್ಲಿ ಎಲ್ಲಾದರೂ ಉರಿ ಶುರುವಾದರೆ ಆ ಕ್ಷಣವೇ ನಿಂತು, ಶೂ ಬಿಚ್ಚಿ, ಅಲ್ಲಿಗೆ ಪ್ಲಾಸ್ಟರ್ ಅಂಟಿಸಿ. ಗುಳ್ಳೆ ಎದ್ದ ಮೇಲೆ ಅಂಟಿಸುವುದಕ್ಕಿಂತ ಇದು ನೂರು ಪಾಲು ವಾಸಿ.

ಹತ್ತಿ ಬಟ್ಟೆ ದಿನಬಳಕೆಗೆ ಹಿತ. ಒದ್ದೆಯಾದರೆ ಮಾತ್ರ ಬೇಗ ಆರುವುದಿಲ್ಲ, ಮೈಗೆ ಅಂಟಿಕೊಂಡು ಬಿಸಿ ಎಳೆಯುತ್ತದೆ. ಜಲಪಾತದ ಹತ್ತಿರ ತುಂತುರು ಮತ್ತು ಗಾಳಿ ಎರಡೂ ಇರುತ್ತವೆ. ಬೆಟ್ಟ ಹತ್ತಿದಂತೆ ಪ್ರತಿ ಸಾವಿರ ಮೀಟರಿಗೆ ಸರಾಸರಿ 6.5 ಡಿಗ್ರಿಯಷ್ಟು ತಾಪ ಇಳಿಯುತ್ತದೆ ಅನ್ನುವುದೂ ಇದಕ್ಕೆ ಸೇರುತ್ತದೆ. ಮಕ್ಕಳ ಮೈ ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತದೆ. ಅದಕ್ಕೇ ಬೇಗ ಆರುವ ಬಟ್ಟೆ ತೊಡಿಸಿ. ಮೇಲೆ ಹಾಕಲು ಒಂದು ಬೆಚ್ಚನೆಯದು, ಮಳೆ ಜಾಕೆಟ್ ಒಂದು. ಪೂರ್ತಿ ಒಂದು ಜೊತೆ ಒಣ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬ್ಯಾಗಿನ ತಳದಲ್ಲಿಡಿ. ಮಕ್ಕಳಿಗೆ ಎದ್ದು ಕಾಣುವ ಬಣ್ಣ ಹಾಕಿ. ಕೆಂಪು, ಕಿತ್ತಳೆ ಚೆನ್ನ. ಹಸಿರು ಅಂಗಿಯ ಮಗುವನ್ನು ಪೊದೆಗಳ ನಡುವೆ ಹುಡುಕುವುದು ಬೇಡ.

ನೀರಿನ ಲೆಕ್ಕ ಹೀಗೆ: ನಡೆಯುವ ಪ್ರತಿ ಗಂಟೆಗೆ ದೊಡ್ಡವರಿಗೆ ಸುಮಾರು ಅರ್ಧ ಲೀಟರ್, ಸೆಖೆ ಇದ್ದರೆ ಜಾಸ್ತಿ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ, ಹಂಚಿಕೊಂಡು ಹೊರಿ. 'ಜಲಪಾತಕ್ಕೇ ಹೋಗ್ತಿದ್ದೀವಲ್ಲ, ನೀರು ಯಾಕೆ' ಅಂತ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಕನ್ನಡಿಯಂಥ ತೊರೆಯ ನೀರಿನಲ್ಲೂ ಹೊಟ್ಟೆ ಕೆಡಿಸುವ ಕ್ರಿಮಿಗಳಿರಬಹುದು. ಕುಡಿಯಲೇಬೇಕಾದರೆ ಕುದಿ ಬಂದ ಮೇಲೆ ಪೂರ್ತಿ ಒಂದು ನಿಮಿಷ ಕುದಿಸಬೇಕು, 2,000 ಮೀಟರಿಗಿಂತ ಎತ್ತರದಲ್ಲಾದರೆ ಮೂರು ನಿಮಿಷ. ಮನೆಯಿಂದಲೇ ಹೊತ್ತು ತರುವುದು ಸುಲಭ.

ತಿಂಡಿ ವಿಷಯದಲ್ಲಿ ಪ್ರಯೋಗ ಬೇಡ. ಮಕ್ಕಳು ಮನೆಯಲ್ಲಿ ಇಷ್ಟಪಟ್ಟು ತಿನ್ನುವುದೇ ಇರಲಿ, ಸ್ವಲ್ಪ ಜಾಸ್ತಿಯೇ ಇರಲಿ. ಪುಟ್ಟ ಪುಟ್ಟ ಪೊಟ್ಟಣ ಮಾಡಿ ಅರ್ಧ ಗಂಟೆಗೊಂದು ಬಿಚ್ಚಿದರೆ ಹಸಿವಿಗೂ ಆಯಿತು, ಆಸೆಗೂ ಆಯಿತು.

ಉಳಿದದ್ದು: ಟಾರ್ಚ್, ಅದರಲ್ಲೂ ತಲೆಗೆ ಕಟ್ಟುವಂಥದ್ದು. ಪ್ಲಾಸ್ಟರ್, ಬ್ಯಾಂಡೇಜು, ನಂಜು ಕಳೆಯುವ ಮುಲಾಮು, ಮನೆಯವರು ದಿನಾ ತೆಗೆದುಕೊಳ್ಳುವ ಮಾತ್ರೆ. ಟೊಪ್ಪಿ. ಕಸಕ್ಕೆ ಒಂದು ಚೀಲ. ಪವರ್ ಬ್ಯಾಂಕ್. ಇದೆಲ್ಲ ದೊಡ್ಡವರ ಬ್ಯಾಗಿಗೆ. ಮಗುವಿಗೂ ಒಂದು ಪುಟ್ಟ ಬ್ಯಾಗು ಕೊಡಿ: ಅದರ ನೀರಿನ ಬಾಟಲಿ, ಒಂದು ತಿಂಡಿ, ಒಂದು ಸೀಟಿ. ಸೀಟಿಯನ್ನು ಕೊರಳಿಗೇ ಕಟ್ಟಿದರೆ ಇನ್ನೂ ಒಳ್ಳೆಯದು. ದಾರಿಯುದ್ದಕ್ಕೂ ಪೀಪೀ ಊದುತ್ತಾರೆ, ಅದನ್ನು ಸಹಿಸಿಕೊಳ್ಳಬೇಕು.

ಹಂತ 6: ಹಿಂದಿನ ಸಂಜೆ

ಬೆಟ್ಟದಲ್ಲಿ ನೆಟ್‌ವರ್ಕ್ ಇರುವುದಿಲ್ಲ ಎಂದೇ ಇಟ್ಟುಕೊಳ್ಳಿ. ನಕ್ಷೆಯನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಿ. ಜಿಪಿಎಸ್ ನೇರವಾಗಿ ಉಪಗ್ರಹದಿಂದ ಸಂಕೇತ ಹಿಡಿಯುತ್ತದೆ, ಹಾಗಾಗಿ ಸಿಗ್ನಲ್ ಇಲ್ಲದಿದ್ದರೂ ನೀವಿರುವ ಜಾಗ ತೋರಿಸುತ್ತದೆ. ಸಿಗ್ನಲ್ ಹುಡುಕುತ್ತಾ ಫೋನಿನ ಬ್ಯಾಟರಿ ಬೇಗ ಮುಗಿಯುತ್ತದೆ. ನಡೆಯುವಾಗ ಏರ್‌ಪ್ಲೇನ್ ಮೋಡಿನಲ್ಲಿಡಿ.

ಜೊತೆಗೆ ಬರದ ಒಬ್ಬರಿಗೆ ಸಂದೇಶ ಕಳಿಸಿ. ಎಲ್ಲಿಗೆ, ಯಾವ ದಾರಿ, ಎಷ್ಟು ಜನ, ಗಾಡಿ ಎಲ್ಲಿ ನಿಲ್ಲಿಸುತ್ತೀರಿ, ಎಷ್ಟು ಹೊತ್ತಿಗೆ ಫೋನ್ ಮಾಡುತ್ತೀರಿ. ಇಷ್ಟು ಹೊತ್ತಾದರೂ ಮಾಡದಿದ್ದರೆ ಯಾರಿಗೆ ತಿಳಿಸಬೇಕು ಎಂದೂ ಬರೆಯಿರಿ. ವಾಪಸು ಬಂದ ಮೇಲೆ ಅವರಿಗೆ ಫೋನ್ ಮಾಡಲು ಮರೆಯಬೇಡಿ. ನಾನು ಒಮ್ಮೆ ಮರೆತು ಬೈಸಿಕೊಂಡಿದ್ದೇನೆ.

ಹಂತ 7: ನಡೆಯುವಾಗ

ಮುಂದೆ ಒಬ್ಬ ದೊಡ್ಡವರು, ಹಿಂದೆ ಒಬ್ಬ ದೊಡ್ಡವರು, ಮಕ್ಕಳು ನಡುವೆ. ಮುಂದಿನವರನ್ನು ಯಾರೂ ದಾಟುವಂತಿಲ್ಲ, ಹಿಂದಿನವರಿಗಿಂತ ಹಿಂದೆ ಯಾರೂ ಉಳಿಯುವಂತಿಲ್ಲ. ದಾರಿ ಕವಲೊಡೆಯುವಲ್ಲೆಲ್ಲ ಎಲ್ಲರೂ ಬರುವವರೆಗೆ ನಿಲ್ಲಿ. ನಿಧಾನ ನಡೆಯುವವರನ್ನೇ ಮುಂದಿನವರ ಬೆನ್ನಿಗೆ ಬಿಡಿ, ವೇಗ ತಾನಾಗಿ ಸರಿಯಾಗುತ್ತದೆ. ಇನ್ನೊಂದು ಸಂಗತಿ: ಮುಂದಿನವರು ನಿಂತು ಕಾದು, ಹಿಂದಿನವರು ಏದುಸಿರು ಬಿಡುತ್ತಾ ಬಂದ ತಕ್ಷಣ ಹೊರಟುಬಿಡುತ್ತಾರೆ. ದಣಿವು ಆರಿಸಿಕೊಳ್ಳಬೇಕಾದವರಿಗೇ ವಿಶ್ರಾಂತಿ ಸಿಗುವುದಿಲ್ಲ. ಕೊನೆಯವರು ಬಂದ ಮೇಲೆ ಐದು ನಿಮಿಷ ಎಣಿಸಿ.

ಮಕ್ಕಳಿಗೆ 'ಇನ್ನೇನು ಬಂತು' ಎಂದು ಸುಳ್ಳು ಹೇಳಬೇಡಿ. ಎರಡನೇ ಸಲ ನಂಬುವುದಿಲ್ಲ. 'ಆ ದೊಡ್ಡ ಬಂಡೆವರೆಗೆ ಹೋಗೋಣ, ಅಲ್ಲಿ ಬಾಳೆಹಣ್ಣು' ಅನ್ನಿ. ನೀರಿನ ಸದ್ದು ಮೊದಲು ಯಾರಿಗೆ ಕೇಳುತ್ತದೆ ಅನ್ನುವ ಪಂದ್ಯ ನಮ್ಮ ಮನೆಯಲ್ಲಿ ಯಾವತ್ತೂ ಸೋತಿಲ್ಲ. ಎಲ್ಲರೂ ಬಾಯಿ ಮುಚ್ಚಿಕೊಂಡು ನಡೆಯುವ ಐದು ನಿಮಿಷ ದೊಡ್ಡವರಿಗೆ ಬೋನಸ್ಸು.

ತೇವದ ಕಾಡಿನಲ್ಲಿ ಜಿಗಣೆ ಹತ್ತಿದರೆ ಗಾಬರಿ ಬೇಡ. ಉಗುರಿನಿಂದ ಅದರ ಬಾಯಿಯ ಹತ್ತಿರ ಚರ್ಮಕ್ಕೆ ಒತ್ತಿ ಸರಿಸಿದರೆ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇದೆ. ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ಹಾವು ಕಚ್ಚಿದರೆ ಮಾತ್ರ ಕುಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಭಾಗ ಅಲುಗದಂತೆ ಇರಿಸಿ, ಆ ವ್ಯಕ್ತಿಯನ್ನು ನಡೆಸದೆ ಹೊತ್ತು ಆಸ್ಪತ್ರೆಗೆ ಸೇರಿಸಿ.

ದಾರಿಯಲ್ಲಿ ಹಳ್ಳ ಅಡ್ಡ ಬಂದರೆ ಆಳ ನೋಡಿ ಮೋಸ ಹೋಗಬೇಡಿ, ಸೆಳೆತ ನೋಡಿ. ರಭಸದಿಂದ ಹರಿಯುವ ನೀರು ಬರೀ 15 ಸೆಂ.ಮೀ. ಇದ್ದರೂ ದೊಡ್ಡವರನ್ನು ಕೆಡವಬಲ್ಲದು. ಒಂದು ಕಡ್ಡಿ ಎಸೆಯಿರಿ. ನೀವು ದಂಡೆಯಲ್ಲಿ ನಡೆಯುವುದಕ್ಕಿಂತ ಜೋರಾಗಿ ಅದು ಹೋಗುತ್ತಿದ್ದರೆ ಮಕ್ಕಳನ್ನು ಇಳಿಸಬೇಡಿ. ದಾಟುವ ಜಾಗದ ಸ್ವಲ್ಪ ಕೆಳಗೇ ನೀರು ಧುಮುಕುತ್ತಿದ್ದರೆ, ಕಡ್ಡಿ ನಿಧಾನ ಹೋದರೂ ದಾಟಬೇಡಿ. ಸೇತುವೆ ಇಲ್ಲದ ದಾರಿಗಿಂತ ಸೇತುವೆ ಇರುವ ದಾರಿ ಎಷ್ಟೇ ಸುತ್ತಾದರೂ ಮೇಲು.

ಹಂತ 8: ಜಲಪಾತದ ಬಳಿ

ಇಲ್ಲಿಯವರೆಗೆ ಎಲ್ಲರೂ ಜೋಪಾನವಾಗಿ ಬಂದಿರುತ್ತಾರೆ. ನೀರು ಕಂಡ ಕೂಡಲೇ ಬ್ಯಾಗು ಎಸೆದು ಓಡುತ್ತಾರೆ. ಎಡವಟ್ಟು ಆಗುವುದು ಆಗಲೇ. ಅದಕ್ಕೇ ನೀರು ಕಾಣುವ ತಿರುವಿಗೆ ಮೊದಲೇ ಎಲ್ಲರನ್ನೂ ನಿಲ್ಲಿಸಿ ನಿಯಮ ಹೇಳಿ. ಅಲ್ಲಿ ಹೋದ ಮೇಲೆ ಹೇಳಿದರೆ ಕೇಳಿಸುವುದೇ ಇಲ್ಲ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಕೇಳಿಸುವುದಿಲ್ಲ. ಧುಮುಕುವ ನೀರಿನ ಸದ್ದಿನಲ್ಲಿ ಹತ್ತು ಮೀಟರ್ ದೂರದ ಕೂಗೂ ಮುಳುಗಿ ಹೋಗುತ್ತದೆ. ಹಾಗಾಗಿ ಕೈಸನ್ನೆ ಗೊತ್ತು ಮಾಡಿಕೊಳ್ಳಿ. ನಮ್ಮಲ್ಲಿ ಎರಡೂ ಕೈ ತಲೆಯ ಮೇಲೆ ಅಡ್ಡ ಹಿಡಿದರೆ 'ಇದ್ದಲ್ಲೇ ನಿಲ್ಲು', ಒಂದು ಉದ್ದ ಸೀಟಿ ಊದಿದರೆ 'ಎಲ್ಲರೂ ಬ್ಯಾಗಿನ ಹತ್ತಿರ ಬನ್ನಿ'.

ಬ್ಯಾಗು ಇಡಲು, ಕೂರಲು ಒಣ ಜಾಗ ಹುಡುಕಿ. ತುಂತುರು ಬೀಳುವ ಕಲ್ಲಿನ ಮೇಲೆಲ್ಲ ಪಾಚಿ ಇರುತ್ತದೆ. ಕಪ್ಪಾಗಿ, ಹಸಿರಾಗಿ ಮಿನುಗುವ ಬಂಡೆ ಸೋಪು ಹಚ್ಚಿದ ನೆಲ ಇದ್ದಂತೆ. ಒಣಗಿದ, ಬೂದು ಬಣ್ಣದ, ತರಿತರಿ ಕಲ್ಲಿನ ಮೇಲೆ ಮಾತ್ರ ಕಾಲಿಡಿ. ಮಕ್ಕಳಿಗೆ 'ಹುಷಾರು' ಅಂದರೆ ಏನೂ ಅರ್ಥ ಆಗುವುದಿಲ್ಲ. 'ಹೊಳೆಯುವ ಕಲ್ಲು ಮುಟ್ಟಬಾರದು' ಅಂದರೆ ತಕ್ಷಣ ಅರ್ಥ ಆಗುತ್ತದೆ.

ಬಂಡೆಯ ಗೋಡೆಯ ಬುಡದಲ್ಲಿ ಕೂರಬೇಡಿ. ನೀರಿನ ಪರದೆಯ ಹಿಂದೆ ಹೋಗುವ ಆಸೆಯೂ ಬೇಡ. ಎಷ್ಟೋ ಜಲಪಾತಗಳಲ್ಲಿ ಮೇಲೆ ಗಟ್ಟಿ ಕಲ್ಲಿನ ಪದರ, ಕೆಳಗೆ ಮೆದು ಕಲ್ಲು. ನೀರು ಕೆಳಗಿನದನ್ನು ಕೊರೆಯುತ್ತಾ ಹೋಗುತ್ತದೆ, ಮೇಲಿನದು ಚಾಚಿಕೊಂಡು ನಿಲ್ಲುತ್ತದೆ, ಒಂದು ದಿನ ಮುರಿದು ಬೀಳುತ್ತದೆ. ಕಲ್ಲು ಬೀಳಲು ಇನ್ನೂ ಬೇರೆ ಬೇರೆ ಕಾರಣಗಳಿವೆ. ಹವಾಯಿಯ ಒಆಹು ದ್ವೀಪದ ಸೇಕ್ರೆಡ್ ಫಾಲ್ಸ್‌ನಲ್ಲಿ 1999ರ ಮೇ ತಿಂಗಳ ಒಂದು ಭಾನುವಾರ, ಜಲಪಾತದ ಬುಡದಲ್ಲಿ ಜನ ಸೇರಿದ್ದಾಗ ಮೇಲಿನಿಂದ ಬಂಡೆಗಳು ಕುಸಿದು ಎಂಟು ಮಂದಿ ಸತ್ತರು. ಆ ದಾರಿಯನ್ನು ಆಮೇಲೆ ಮುಚ್ಚಿಬಿಟ್ಟರು. ಗೋಡೆಯ ಬುಡದಲ್ಲಿ ಹೊಸದಾಗಿ ಒಡೆದಂತೆ ಕಾಣುವ, ಪಾಚಿ ಹಿಡಿಯದ ಕಲ್ಲುಗಳು ಬಿದ್ದಿದ್ದರೆ, ಅಲ್ಲಿ ಇತ್ತೀಚೆಗೂ ಕಲ್ಲು ಬೀಳುತ್ತಿವೆ ಎಂದರ್ಥ.

ಜಲಪಾತದ ನೆತ್ತಿಗೆ ಮಕ್ಕಳನ್ನು ಕರೆದುಕೊಂಡು ಹೋಗಲೇಬೇಡಿ. ಅಂಚಿನ ಹತ್ತಿರ ನೀರು ತೆಳ್ಳಗೆ, ಶಾಂತವಾಗಿ ಕಾಣುತ್ತದೆ. ಅದರ ಕೆಳಗಿನ ಕಲ್ಲು ಸಾವಿರಾರು ವರ್ಷ ನೀರು ಉಜ್ಜಿ ನುಣುಪಾದದ್ದು. ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಸೆಲ್ಫಿಗೆ ಹಿಂದೆ ಹಿಂದೆ ಹೆಜ್ಜೆ ಇಡುವವರನ್ನು ಕಂಡರೆ ನನಗೆ ಈಗಲೂ ಎದೆ ಝಲ್ ಅನ್ನುತ್ತದೆ. ಫೋಟೋ ತೆಗೆಯುವವರಿಗೆ ನಮ್ಮ ಮನೆಯಲ್ಲಿ ಒಂದೇ ಕಾನೂನು: ನಡೆಯುವಾಗ ಫೋನ್ ಜೇಬಿನಲ್ಲಿ, ಫೋನ್ ಕೈಯಲ್ಲಿದ್ದಾಗ ಕಾಲು ನಿಂತಲ್ಲೇ.

ನೀರಿಗೆ ಇಳಿಯಬಹುದಾ? ಧುಮುಕುವ ಜಾಗದ ಹೊಂಡಕ್ಕೆ ಬೇಡ. ಅಲ್ಲಿನ ನೀರಿನಲ್ಲಿ ಗಾಳಿಗುಳ್ಳೆ ತುಂಬಿರುತ್ತದೆ, ಅದು ಮೈಯನ್ನು ತೇಲಿಸುವುದಿಲ್ಲ. ಒಳಗಿನ ಸುಳಿ ಮೇಲೆ ಬಂದವರನ್ನು ಮತ್ತೆ ಬೀಳುವ ನೀರಿನ ಕೆಳಗೇ ಎಳೆಯುತ್ತದೆ. ಚೆನ್ನಾಗಿ ಈಜು ಬಲ್ಲವರೇ ಸೋತಿದ್ದಾರೆ. ತಣ್ಣನೆ ನೀರಿಗೆ ದಿಢೀರನೆ ಬಿದ್ದಾಗ ಮನುಷ್ಯ ತನ್ನಷ್ಟಕ್ಕೆ ಉಸಿರು ಎಳೆದುಕೊಳ್ಳುತ್ತಾನೆ. ಆಗ ಬಾಯಿ ನೀರೊಳಗಿದ್ದರೆ ಕತೆ ಮುಗಿಯಿತು. ಹಾಗಾಗಿ ಜಿಗಿಯುವುದು ಯಾರಿಗೂ ಬೇಡ. ಕೆಳಗೆ ಸಾಕಷ್ಟು ದೂರದಲ್ಲಿ, ನೀರು ನಿಧಾನವಾಗಿ ಹರಡಿ, ತಳ ಕಾಣುವಲ್ಲಿ, ಮಗುವಿನ ಮಂಡಿಯಷ್ಟು ಆಳದಲ್ಲಿ ಆಡಲಿ. ಒಬ್ಬ ದೊಡ್ಡವರು ಕೈಗೆ ಸಿಗುವಷ್ಟು ಹತ್ತಿರ ಇರಬೇಕು. ಯಾರು ಅನ್ನುವುದನ್ನು ಹೆಸರು ಹಿಡಿದು ಹೇಳಿ. 'ಎಲ್ಲರೂ ನೋಡ್ಕೊಳ್ತಿದ್ದೀವಿ' ಅಂದರೆ ಯಾರೂ ನೋಡಿಕೊಳ್ಳುತ್ತಿಲ್ಲ ಎಂದೇ ಲೆಕ್ಕ.

ಆಡುವಾಗ ನೀರಿನ ಮೇಲೆ ಒಂದು ಕಣ್ಣಿರಲಿ. ತಿಳಿಯಾಗಿದ್ದದ್ದು ಕದಡಿ ಕೆಂಪಾದರೆ, ಎಲೆ ಕಡ್ಡಿಗಳು ಒಮ್ಮೆಲೇ ತೇಲಿ ಬಂದರೆ, ಸದ್ದು ಜೋರಾದರೆ, ಮೇಲೆ ನೀರು ಏರಿದೆ ಎಂದೇ ತಿಳಿಯಿರಿ. ಬಂದ ತಕ್ಷಣ ನೀರಂಚಿನ ಒಂದು ಕಲ್ಲು ಗುರುತು ಮಾಡಿಟ್ಟುಕೊಂಡರೆ ಏರಿದ್ದು ಬೇಗ ಗೊತ್ತಾಗುತ್ತದೆ. ಬ್ಯಾಗು, ಚಪ್ಪಲಿ, ಡಬ್ಬಿ ಯಾವುದನ್ನೂ ಹುಡುಕಬೇಡಿ. ಮಕ್ಕಳನ್ನು ಎತ್ತಿಕೊಂಡು ಹೊಳೆಯ ಉದ್ದಕ್ಕೆ ಓಡದೆ ಪಕ್ಕದ ಎತ್ತರಕ್ಕೆ ಹತ್ತಿ.

ಮಗುವಿನ ತುಟಿ ನೀಲಿಯಾದರೆ, ನಡುಕ ಬಂದರೆ ಆಟ ಮುಗಿಯಿತು. ಒದ್ದೆ ಬಟ್ಟೆ ಪೂರ್ತಿ ತೆಗೆದು, ಒರೆಸಿ, ಒಣ ಬಟ್ಟೆ ಹಾಕಿ, ಏನಾದರೂ ಸಿಹಿ ತಿನ್ನಿಸಿ.

ಕಸ ವಾಪಸು ತರಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಡಯಾಪರ್ ಮತ್ತು ಹಣ್ಣಿನ ಸಿಪ್ಪೆಗೂ ಇದೇ ಮಾತು. ಬಯಲಿಗೆ ಹೋಗಬೇಕಾದರೆ ನೀರಿನಿಂದ 60 ಮೀಟರಿಗಿಂತ ದೂರ, 15ರಿಂದ 20 ಸೆಂ.ಮೀ. ಆಳದ ಗುಂಡಿ ತೋಡಿ ಮುಚ್ಚಿ. ಕೆಳಗೆ ಯಾರೋ ಅದೇ ನೀರು ಕುಡಿಯುತ್ತಿರುತ್ತಾರೆ.

ಹಂತ 9: ಏನಾದರೂ ತಪ್ಪಿದರೆ

ಗುಡುಗು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಮೂವತ್ತಕ್ಕಿಂತ ಕಡಿಮೆ ಇದ್ದರೆ ನೀರು, ದಿಬ್ಬದ ನೆತ್ತಿ, ಒಂಟಿ ಮರ ಮೂರರಿಂದಲೂ ದೂರ ಸರಿಯಿರಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಜಲಪಾತದ ಸದ್ದಿನಲ್ಲಿ ಗುಡುಗು ಕೇಳದೇ ಹೋಗಬಹುದು, ಆಕಾಶ ನೋಡುತ್ತಿರಿ.

ಮಗು ತಪ್ಪಿಸಿಕೊಂಡರೆ ಏನು ಮಾಡಬೇಕು ಎಂದು ಮಗುವಿಗೇ ಗೊತ್ತಿರಬೇಕು. ಅಮೆರಿಕದಲ್ಲಿ 1981ರಲ್ಲಿ ಒಬ್ಬ ಹುಡುಗ ಬೆಟ್ಟದಲ್ಲಿ ದಾರಿ ತಪ್ಪಿ ಸತ್ತ ನಂತರ 'ಹಗ್ ಎ ಟ್ರೀ' ಎಂಬ ಪಾಠ ಶುರುವಾಯಿತು. ಮಕ್ಕಳಿಗೆ ಹೇಳುವುದು ಇಷ್ಟೇ: ದಾರಿ ತಪ್ಪಿತು ಅನ್ನಿಸಿದರೆ ಒಂದು ಮರ ಅಪ್ಪಿಕೊಂಡು ಅಲ್ಲೇ ಇರು. ಓಡಾಡುವ ಮಗುವನ್ನು ಹುಡುಕುವುದಕ್ಕಿಂತ ನಿಂತ ಮಗುವನ್ನು ಹುಡುಕುವುದು ಸುಲಭ. ಜೊತೆಗೆ ಸೀಟಿ ಊದು, ಯಾರೂ ಬೈಯುವುದಿಲ್ಲ ಎಂದೂ ಹೇಳಿ. ಬೈಗುಳಕ್ಕೆ ಹೆದರಿ ಅಡಗಿಕೊಳ್ಳುವ ಮಕ್ಕಳಿರುತ್ತಾರೆ.

ದೊಡ್ಡವರು ಸಹಾಯ ಕೇಳುವ ಪದ್ಧತಿ ಆಲ್ಪ್ಸ್ ಪರ್ವತಗಳಿಂದ ಬಂದದ್ದು. ಒಂದು ನಿಮಿಷದಲ್ಲಿ ಆರು ಸಲ ಸೀಟಿ ಅಥವಾ ಟಾರ್ಚಿನ ಬೆಳಕು, ಒಂದು ನಿಮಿಷ ಬಿಡುವು, ಮತ್ತೆ ಆರು. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಉತ್ತರ ಕೊಡುತ್ತಾರೆ.

ಹಂತ 10: ಇಳಿಯುವುದು

ಹೊರಡುವ ಮೊದಲು ಎಲ್ಲರೂ ಒಣ ಸಾಕ್ಸ್ ಹಾಕಿಕೊಂಡು ಲೇಸು ಬಿಗಿ ಮಾಡಿಕೊಳ್ಳಿ. ಲೇಸು ಸಡಿಲ ಇದ್ದರೆ ಇಳಿಜಾರಿನಲ್ಲಿ ಬೆರಳುಗಳು ಶೂವಿನ ಮೂತಿಗೆ ಗುದ್ದುತ್ತವೆ. ತಲೆ ಎಣಿಸಿ. ಒಂದು ಪೊಟ್ಟಣ ತಿಂಡಿ ಮತ್ತು ಅರ್ಧ ಬಾಟಲಿ ನೀರು ಇಳಿಯುವ ದಾರಿಗೇ ಎತ್ತಿಟ್ಟಿರಬೇಕು. ಹೋಗುವಾಗಿನ ಉತ್ಸಾಹ ಈಗ ಯಾರಿಗೂ ಇರುವುದಿಲ್ಲ, ಹೆಜ್ಜೆ ಸಡಿಲವಾಗಿರುತ್ತದೆ. ಮಕ್ಕಳು ಇಳಿಜಾರಿನಲ್ಲಿ ಓಡಲು ನೋಡುತ್ತಾರೆ. ಮುಂದಿನ ದೊಡ್ಡವರ ಕೋಲು ಅಡ್ಡ ಹಿಡಿದರೆ ಅದೇ ಗೇಟು.

ಗಾಡಿಯಲ್ಲಿ ಚಪ್ಪಲಿ, ಟವಲು, ಒಂದು ದೊಡ್ಡ ಬಾಟಲಿ ನೀರು ಬಿಟ್ಟುಹೋಗಿದ್ದರೆ ಆಗ ಸಿಗುವ ಸುಖವೇ ಬೇರೆ. ಕಂಕುಳು, ಮಂಡಿಯ ಹಿಂದೆ, ಕಿವಿಯ ಹಿಂದೆ ಉಣ್ಣೆ, ಜಿಗಣೆ ಹತ್ತಿವೆಯಾ ನೋಡಿ. ಕಾಯುತ್ತಿರುವವರಿಗೆ ಫೋನ್ ಮಾಡಿ. ಮಕ್ಕಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗುವ ಮೊದಲು, ಹತ್ತಲು ಎಷ್ಟು ಹೊತ್ತು ಹಿಡಿಯಿತು, ಇಳಿಯಲು ಎಷ್ಟು, ಯಾವ ತಿಂಡಿ ಉಳಿಯಿತು, ಯಾವುದು ಸಾಲಲಿಲ್ಲ ಎಂದು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ನೈಸ್ಮಿತ್‌ನ ಸೂತ್ರವನ್ನು ನಿಮ್ಮ ಮನೆಗೆ ಎಷ್ಟರಿಂದ ಗುಣಿಸಬೇಕು ಅನ್ನುವುದು ಅದರಲ್ಲಿರುತ್ತದೆ. ನಮ್ಮ ಮನೆಯದು ಮೊದಲು ಎರಡೂವರೆ ಇತ್ತು, ಮಗಳಿಗೆ ಈಗ ಒಂಬತ್ತು ವರ್ಷ, ಒಂದೂವರೆಗೆ ಇಳಿದಿದೆ.